ಆ ಹುಳುವನ್ನ ವಾಪಸ್ ಹಾಕು

ಮಗು,

ನಿನ್ನ ಕೊರಿಯರ್ ಬಂದು ಇಪ್ಪತ್ತು ದಿನ ಆಯ್ತು. 214 ಪುಟದ ಕಾದಂಬರಿ, ಅದೂ ಸ್ಪೈರಲ್ ಬೈಂಡಿಂಗ್ ಮಾಡಿಸಿ ಕಳ್ಸಿದೀಯ, ಮೇಲೊಂದು ಚೀಟಿ ಬೇರೆ. "ಮೇಡಂ, ಇದು ಚೆನ್ನಾಗಿಲ್ಲ ಅಂತ ನೀವು ಹೇಳಿದ್ರೆ ಬರೆಯೋದು ಬಿಟ್ಟು ಬ್ಯಾಂಕ್ ಎಕ್ಸಾಮ್‌ಗೆ ಓದ್ಕೋತೀನಿ" ಅಂತ. ಈ ಥರ ಬ್ಲ್ಯಾಕ್‌ಮೇಲ್ ಮಾಡ್ಬಾರ್ದು ಕಣಪ್ಪ. ಬ್ಯಾಂಕ್ ಎಕ್ಸಾಮ್‌ಗೆ ಹೆಂಗಿದ್ರೂ ಓದು, ಅದಕ್ಕೂ ಬರೆಯೋದಕ್ಕೂ ಏನ್ ಜಗಳ? ನಾನು ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಂಡೇ ಬರ್ದಿದ್ದು, ಆಮೇಲೆ ಪೇಪರ್ ತಿದ್ದಿದ್ದು, ಆಮೇಲೆ ಅಡಿಗೆ.

ಚೀಟಿ ಹಿಂದುಗಡೆ ಕೇಳಿರೋ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಲ್ಲ. ಅಧ್ಯಾಯ ಎಷ್ಟುದ್ದ ಇರ್ಬೇಕು, ಪ್ರಕಾಶಕರನ್ನ ಹೆಂಗೆ ಹುಡ್ಕೋದು, ಮುನ್ನುಡಿ ಯಾರ ಕೈಲಿ ಬರೆಸ್ಬೇಕು, ಇದೆಲ್ಲ ನಿನಗೆ ಯಾರಾದ್ರೂ ಹೇಳ್ತಾರೆ, ನಂಗಿಂತ ಚೆನ್ನಾಗೇ ಹೇಳ್ತಾರೆ. ನಾನು ನಿನ್ನ ನಾಯಕ ಗಿಲ್ಗಮೆಶನ ಬಗ್ಗೆ, ಮೆಸೊಪೊಟೇಮಿಯಾದ (ಈಗಿನ ಇರಾಕ್) ಹಳೇ ಕಾವ್ಯದಲ್ಲಿ ಬರೋ ಆ ಉರುಕ್ ಊರಿನ ರಾಜನ ಬಗ್ಗೆ ಮಾತ್ರ ಮಾತಾಡ್ತೀನಿ, ಯಾಕಂದ್ರೆ ಅವನ ಜೊತೆ ನಂಗೂ ಹಳೇ ಲೆಕ್ಕ ಒಂದಿದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಸಂತೋಷದ ವಿಷಯ. ಮೂರನೇ ಅಧ್ಯಾಯ ಓದಿ ನಾನು ಎದ್ದು ಹೋಗಿ ಟೀ ಮಾಡ್ಕೊಂಡು ಬಂದು ಮತ್ತೆ ಓದ್ದೆ. ಮಗ ರಾಕ್ಷಸ ಹುಂಬಾಬ ಕಾಯೋ ಕಾಡಿಗೆ ಹೊರಟು ನಿಂತಾಗ ತಾಯಿ ನಿನ್ಸುನ್ ಏಳು ಸಲ ಸ್ನಾನದ ಮನೆಗೆ ಹೋಗೋದು, ಒಳ್ಳೇ ಬಟ್ಟೆ ಉಟ್ಟು ಒಡವೆ ಹಾಕ್ಕೊಂಡು ಮೆಟ್ಟಿಲು ಹತ್ತಿ ಮಾಳಿಗೆ ಮೇಲೆ ಧೂಪ ಹಾಕಿ ಸೂರ್ಯದೇವ ಶಮಾಶನಿಗೆ ಎರಡೂ ಕೈ ಎತ್ತಿ "ನನ್ನ ಮಗನಿಗೆ ಯಾಕಪ್ಪ ಈ ನೆಮ್ಮದಿ ಇಲ್ಲದ ಮನಸ್ಸು ಕೊಟ್ಟೆ" ಅಂತ ಕೇಳೋದು, ಇದೆಲ್ಲ ಮೂಲದಲ್ಲೇ ಇದೆ, ಆದ್ರೆ ಧೂಪದ ಹೊಗೆಗೆ ಅವಳಿಗೆ ಕೆಮ್ಮು ಬರೋದು ನಿಂದು. ದೇವತೆಗೆ ಕೆಮ್ಮು! ಇಷ್ಟು ಬರೆಯೋ ಹುಡುಗ ಬ್ಯಾಂಕ್ ಎಕ್ಸಾಮ್ ಅಂತ ನನ್ನ ಹೆದರಿಸ್ತೀಯಲ್ಲ.

ಅವಳು ದೇವತೆ, ನಿಜ. ಆದ್ರೆ ಆ ಮಾಳಿಗೆ ಮೇಲೆ ಅವಳ ಕೈಲಿ ಆಗೋದು ಇನ್ನೊಬ್ಬ ದೇವರಿಗೆ ಧೂಪ ಹಾಕೋದಷ್ಟೇ. ಆ ಪ್ರಾರ್ಥನೆಯಲ್ಲೇ ಅವಳು ಹಿಂತಿರುಗದ ನಾಡಿನ, ಅಂದ್ರೆ ಸತ್ತೋರ ಲೋಕದ ಹೆಸರನ್ನೂ ಎತ್ತುತಾಳೆ, ಅಲ್ಲಿನ ದೇವರು ನಿಂಗಿಶ್‌ಜಿದನ ಜೊತೆ ನನ್ನ ಮಗನೂ ಇರೋನೇ ತಾನೇ ಅನ್ನೋ ಥರ. ಅಂದ್ರೆ ಅವಳಿಗೆ ಗೊತ್ತು. ಹೆತ್ತೋಳು ದೇವತೆಯಾದ್ರೂ ಮಗ ಸಾಯ್ತಾನೆ ಅಂತ ಹೆತ್ತೋಳಿಗೇ ಗೊತ್ತು. ಈ ಸಾಲನ್ನ ನೀನು ಬಿಟ್ಟುಬಿಟ್ಟಿದೀಯ, ಯಾಕೆ ಬಿಟ್ಟೆ ಅಂತ ಮುಂದೆ ಓದ್ತಾ ಓದ್ತಾ ನಂಗೆ ಅರ್ಥ ಆಯ್ತು, ಆಗ್ಲೇ ಸಿಟ್ಟು ಬಂದಿದ್ದು.

37ನೇ ಪುಟ ತೆಗಿ. "ಅರ್ಧ ದೇವರು, ಅರ್ಧ ಮನುಷ್ಯ" ಅಂತ ಬರ್ದಿದೀಯ. ಮಗು, ಗಣಿತದ ಮೇಷ್ಟ್ರಿಗೆ ಈ ತಪ್ಪು ತೋರಿಸ್ತೀಯಲ್ಲ! ಆ ಕಾವ್ಯ ಬರೆದಿರೋ ಮಣ್ಣಿನ ಫಲಕಗಳಲ್ಲಿ ಮೊದಲನೇದರಲ್ಲೇ ಸ್ಪಷ್ಟವಾಗಿದೆ, ಮೂರರಲ್ಲಿ ಎರಡು ಪಾಲು ದೇವರು, ಒಂದು ಪಾಲು ಮನುಷ್ಯ. ನಿಂಗೆ ಅದು ಪ್ರಿಂಟಿಂಗ್ ಮಿಸ್ಟೇಕ್ ಥರ ಕಾಣಿಸ್ತೇನೋ, ತಾಯಿ ದೇವತೆ ಅಪ್ಪ ಮನುಷ್ಯ ಅಂದ್ಮೇಲೆ ಅರ್ಧ ತಾನೇ ಅಂತ ನೀಟಾಗಿ ತಿದ್ದಿದೀಯ. ಈಗ ಕೂತು ಲೆಕ್ಕ ಹಾಕು. ಅಪ್ಪ ಅಮ್ಮ ಇಬ್ಬರಿಂದ ಸಮಸಮ ಬರೋದಾದ್ರೆ ಮಗೂಗೆ ಅರ್ಧ ಬರ್ಬೋದು, ಮುಕ್ಕಾಲು ಬರ್ಬೋದು, ಎಂಟರಲ್ಲಿ ಏಳು ಬರ್ಬೋದು. ಎಷ್ಟು ತಲೆಮಾರು ಹಿಂದಕ್ಕೆ ಹೋದ್ರೂ ಛೇದದಲ್ಲಿ 2, 4, 8, 16 ಹಿಂಗೇ ಬರುತ್ತೆ, 3 ಯಾವತ್ತೂ ಬರಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿದೀನಿ ನಾನು, ಹಿಂದಿನ ಬೆಂಚಿನ ಹುಡುಗಿ ಒಬ್ಬಳು "ಮಿಸ್, ಹಂಗಾದ್ರೆ ಅವನು ಹುಟ್ಟೋಕೇ ಆಗಲ್ಲ" ಅಂದ್ಲು. ಸರಿಯಾಗೇ ಹೇಳಿದ್ಲು! ಆ ಭಿನ್ನರಾಶಿ ರಕ್ತದ ಲೆಕ್ಕ ಅಲ್ಲ. ಆ ಕಾಲದ ಮೆಸೊಪೊಟೇಮಿಯಾದೋರು ನಾವು 10ನ್ನ ಇಟ್ಕೊಂಡ ಹಾಗೆ 60ನ್ನ ಆಧಾರ ಇಟ್ಕೊಂಡು ಎಣಿಸೋ ಜನ, ಮೂರರಲ್ಲಿ ಎರಡು ಅಂದ್ರೆ ಅವರಿಗೆ ನೇರವಾಗಿ 40, ಅದಕ್ಕೆ ಬೇರೆ ಗುರುತೇ ಇತ್ತು, ಶನಬಿ ಅಂತಿದ್ರು. ಸಾವಿನ ನೀರು ದಾಟಿಸೋ ಅಂಬಿಗನ ಹೆಸರು ನೋಡು, ಉರ್-ಶನಬಿ. 40 ಅನ್ನೋದು ಇಯಾ ದೇವರ ಸಂಖ್ಯೆ, ಅದಕ್ಕೆ ಇಯಾನ ಸೇವಕ ಅಂತ ಅರ್ಥ ಹೇಳ್ತಾರೆ. ಆದ್ರೆ ಅಕ್ಷರಕ್ಕೆ ಅಕ್ಷರ ಓದಿದ್ರೆ ಮೂರರಲ್ಲಿ ಎರಡು ಪಾಲಿನ ಆಳು! ಅಷ್ಟು ಪಾಲು ದೇವರಾದೋನನ್ನ ದೋಣಿಯಲ್ಲಿ ಕೂರಿಸ್ಕೊಂಡು ಹೋಗೋನ ಹೆಸರು ಇದು. ಬರೆದೋನು ಬೇಕು ಅಂತ ಮಾಡಿದ್ದೋ ಇಲ್ವೋ, ನಂಗೆ ಮಾತ್ರ ಆ ಹೆಸರು ಕಂಡಾಗೆಲ್ಲ ಮೈ ಜುಂ ಅನ್ನುತ್ತೆ.

ಇನ್ನೊಂದು ಜಾಗ ಇದೆ, ಅದನ್ನೂ ನೀನು ಹಾರಿಸಿದೀಯ. ಸೂರ್ಯ ಹೋಗಿಬರೋ ಬೆಟ್ಟದ ಬಾಗಿಲು ಕಾಯೋ ಚೇಳುಮನುಷ್ಯ ಮತ್ತೆ ಅವನ ಹೆಂಡ್ತಿ. ದೂರದಿಂದ ಬರ್ತಿರೋನನ್ನ ನೋಡಿ ಗಂಡ ಹೇಳ್ತಾನೆ, ಬರ್ತಿರೋನ ಮೈ ದೇವರ ಮಾಂಸ ಅಂತ. ಹೆಂಡ್ತಿ ಅಲ್ಲೇ ತಿದ್ದುತಾಳೆ, ಮೂರರಲ್ಲಿ ಎರಡು ಪಾಲು ದೇವರು, ಒಂದು ಪಾಲು ಮನುಷ್ಯ ಅಂತ. ಅಷ್ಟೇ ಸಂಭಾಷಣೆ. ಗಂಡ ದೂರದಿಂದ ಹೊಳಪು ನೋಡ್ದ, ಹೆಂಡ್ತಿ ಒಣಗಿದ ಮುಖ, ಸಿಂಹದ ಚರ್ಮ, ಸವೆದ ಪಾದ ನೋಡಿರ್ಬೇಕು ಅಂತ ನಾನು ಅಂದ್ಕೊಂಡಿದೀನಿ (ಇದು ನನ್ನ ಕಲ್ಪನೆ, ಮೂಲದಲ್ಲಿ ಹುಡುಕ್ಬೇಡ). ನಂಗೆ ಆ ಇಡೀ ಕಾವ್ಯದಲ್ಲಿ ತುಂಬಾ ಇಷ್ಟದ ಹೆಂಗಸು ಆ ಚೇಳಮ್ಮನೇ.

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಆ ಒಂದು ಪಾಲು ಯಾಕೆ ಅಂತ ನೀನು ಕಾರಣ ಕೊಡೋಕೆ ಹೊರಟಿದೀಯ. 90ನೇ ಪುಟದಲ್ಲಿ ಇಶ್ತಾರ್ ದೇವಿ ಶಾಪ ಕೊಡ್ತಾಳೆ, "ನಿನ್ನ ಅಮರತ್ವ ಮಣ್ಣಾಗಲಿ" ಅಂತ. ಎಲ್ಲಿಂದ ತಂದ್ಯೋ ಇದನ್ನ? ಇಶ್ತಾರ್ ಸಿಟ್ಟಾಗಿ ಅಪ್ಪ ಆಕಾಶದೇವ ಅನುವಿನ ಹತ್ರ ಹೋಗಿ ಸ್ವರ್ಗದ ಗೂಳಿ ಕೇಳಿ ತರ್ತಾಳೆ, ಉರುಕ್ ಊರಿಗೆ ಬಿಡ್ತಾಳೆ, ಅದೆಲ್ಲ ಇದೆ. ಆದ್ರೆ ಅವನಿಂದ ಕಿತ್ಕೊಳ್ಳೋಕೆ ಅಮರತ್ವ ಅವನ ಹತ್ರ ಇತ್ತು ಅಂತ ಯಾರು ಹೇಳಿದ್ರು? ಇಲ್ಲದೇ ಇರೋದನ್ನ ಕಳ್ಕೊಳ್ಳೋದು ಹೆಂಗೆ?

ನಂಗೆ ಗೊತ್ತು ಎಲ್ಲಿಂದ ಬಂತು ಅಂತ. ನಮ್ಮ ತಲೆಯಲ್ಲಿ ಕರ್ಣ ಕೂತಿದಾನೆ, ಭೀಷ್ಮ ಕೂತಿದಾನೆ. ಸೂರ್ಯನ ಮಗ ಸಾಯ್ಬೇಕು ಅಂದ್ರೆ ನಮಗೆ ಶಾಪ ಬೇಕು, ಗುರು ಶಾಪ, ಬ್ರಾಹ್ಮಣನ ಶಾಪ, ಕುಂಡಲ ಹೋಗ್ಬೇಕು, ಚಕ್ರ ಹೂತ್ಕೋಬೇಕು, ಗಂಗೆ ಮಗ ಯಾಕೆ ಭೂಮಿಗೆ ಬಂದ ಅಂದ್ರೆ ಅದಕ್ಕೂ ಹಿಂದೆ ಒಂದು ಶಾಪ. ಅದು ನಮ್ಮ ಕಥೆಗಳ ದೊಡ್ಡತನ, ನಾನು ಹಳಿಯಲ್ಲ. ಆದ್ರೆ ಅದನ್ನ ಎತ್ಕೊಂಡು ಹೋಗಿ ಉರುಕ್‌ನಲ್ಲಿ ನೆಟ್ಟಿದೀಯ, ನಿನ್ಸುನ್‌ಳನ್ನ ಕುಂತಿ ಮಾಡಿ ನದಿ ದಡದಲ್ಲಿ ಅಳಿಸಿದೀಯ. ಗೋಪುರದಿಂದ ಎಸೆದ ಮಗೂನ ಹದ್ದು ಹಿಡಿಯೋ ಸೀನ್ ಬೇರೆ ಹಾಕಿದೀಯಲ್ಲ, ಅದು ಗ್ರೀಕ್ ಭಾಷೆಯಲ್ಲಿ ಈಲಿಯನ್ ಅನ್ನೋ ರೋಮನ್ನು ಕ್ರಿ.ಶ. 200ರ ಸುಮಾರಿಗೆ ಬರೆದಿದ್ದು, ಉರುಕ್‌ನೋರು ಕೇಳಿದ್ರೆ ನಗ್ತಿದ್ರು. ಬುಟ್ಟಿಯಲ್ಲಿ ತೇಲಿ ಬಂದ ಮಗುನೇ ಬೇಕು ಅಂದ್ರೆ ಅಕ್ಕಾಡ್‌ನ ರಾಜ ಸಾರ್ಗೋನ್ ಇದಾನೆ, ತಾಯಿ ಪೂಜಾರಿಣಿ, ಅಪ್ಪ ಯಾರು ಅಂತ ಗೊತ್ತಿಲ್ಲ, ಜೊಂಡಿನ ಬುಟ್ಟಿಗೆ ಡಾಂಬರು ಮೆತ್ತಿ ನದಿಗೆ ಬಿಟ್ಲು, ನೀರು ಸೇದೋ ಅಕ್ಕಿ ಅನ್ನೋನು ಎತ್ಕೊಂಡು ಸಾಕ್ದ. ಅವನ ಮೇಲೆ ಬೇರೆ ಕಾದಂಬರಿ ಬರಿ, ಅಲ್ಲಿ ನಿನ್ನ ಕಣ್ಣೀರು ಚೆನ್ನಾಗಿ ಹೊಂದುತ್ತೆ.

ಗಿಲ್ಗಮೆಶ್ ಕಥೆಯಲ್ಲಿ ಸಾವಿಗೆ ಕಾರಣ ಇಲ್ಲ. ಅವನ ಗೆಳೆಯ ಎಂಕಿಡು ಸಾವಿಗೆ ಇದೆ, ಒಪ್ಕೋತೀನಿ, ಹುಂಬಾಬನ್ನ ಗೂಳೀನ ಕೊಂದಿದ್ದಕ್ಕೆ ದೇವರುಗಳು ಸಭೆ ಸೇರಿ ಇಬ್ಬರಲ್ಲಿ ಒಬ್ಬ ಸಾಯ್ಬೇಕು ಅಂತ ತೀರ್ಮಾನ ಮಾಡ್ತಾರೆ, ಎನ್ಲಿಲ್ ಎಂಕಿಡು ಹೆಸರು ಹೇಳ್ತಾನೆ, ಶಮಾಶ್ ಇದು ಅನ್ಯಾಯ ಅಂತ ಜಗಳಕ್ಕೆ ನಿಲ್ತಾನೆ. ಆದ್ರೆ ಗಿಲ್ಗಮೆಶನಿಗೆ? ಇನ್ನೂ ಹಳೇ ಸುಮೇರಿಯನ್ ಪದ್ಯ ಇದೆ, ಅವನು ಮಂಚ ಹಿಡಿದು ಸಾಯೋ ಪದ್ಯ. ಅದ್ರಲ್ಲೂ ದೇವರುಗಳ ಸಭೆ. ಅವನು ಮಾಡಿದ್ದೆಲ್ಲ ಒಂದೊಂದಾಗಿ ಲೆಕ್ಕ ಹಾಕ್ತಾರೆ, ದೇವದಾರು ಕಾಡಿಗೆ ಹೋಗಿದ್ದು, ಪ್ರಳಯದಲ್ಲಿ ಉಳಿದ ಜಿಯುಸುದ್ರನ ತನಕ ಹೋಗಿ ಬಂದಿದ್ದು. ತಪ್ಪುಗಳ ಪಟ್ಟಿ ಅಲ್ಲ ನೋಡು ಅದು, ಸಾಧನೆಗಳ ಪಟ್ಟಿ! ಆಮೇಲೆ ಎಂಕಿ (ಇಯಾನ ಸುಮೇರಿಯನ್ ಹೆಸರು) ಹೇಳ್ತಾನೆ, ಪ್ರಳಯ ಆದ್ಮೇಲೆ ಮನುಷ್ಯ ಶಾಶ್ವತವಾಗಿ ಬದುಕಲ್ಲ ಅಂತ ಮಾತಾಗಿದೆ, ಜಿಯುಸುದ್ರ ಒಬ್ಬನೇ ಅದಕ್ಕೆ ಹೊರತು, ಇವನ ತಾಯಿ ದೇವತೆ ಅನ್ನೋದನ್ನ ನೋಡಿ ಬಿಡೋಕಾಗಲ್ಲ. ಮುಗೀತು. ಕೆಳಲೋಕದಲ್ಲಿ ಸತ್ತವರಿಗೆ ನ್ಯಾಯ ಹೇಳೋ ಕೆಲಸ ಕೊಡ್ತಾರೆ, ಯೂಫ್ರಟಿಸ್ ನದಿ ತಿರುಗಿಸಿ ನದೀ ತಳದಲ್ಲಿ ಸಮಾಧಿ ಕಟ್ತಾರೆ. ಶಾಪ ಇಲ್ಲ, ಪಾಪ ಇಲ್ಲ, ಹೋದ ಜನ್ಮ ಅನ್ನೋ ಮಾತೇ ಇಲ್ಲ.

ಬರೀ ಇವನೊಬ್ಬನೇ ಅಲ್ಲ. ಎರಿಡು ಊರಿನ ಅದಪನ್ನ ನೋಡು, ಇಯಾ ತಾನೇ ಕೈಯಾರೆ ಬೆಳೆಸಿದ ಜಾಣ, ಅವನಿಗೆ ಬುದ್ಧಿ ಕೊಟ್ಟ, ಶಾಶ್ವತ ಜೀವ ಕೊಡ್ಲಿಲ್ಲ ಅಂತ ಕಥೆ ಶುರುವಿನಲ್ಲೇ ಹೇಳಿಬಿಡ್ತಾರೆ. ಮೇಲೆ ಅನುವಿನ ಮನೆಯಲ್ಲಿ ಜೀವದ ರೊಟ್ಟಿ ಜೀವದ ನೀರು ಮುಂದೆ ಇಟ್ರೂ, ಇಯಾ ಅದನ್ನ ಸಾವಿನ ರೊಟ್ಟಿ ಅಂತ ಹೇಳಿ ಕಳ್ಸಿದ್ದ, ಅದಕ್ಕೆ ಬೇಡ ಅಂದ. ಇಯಾ ಮೋಸ ಮಾಡಿದ್ನೋ ತಪ್ಪು ತಿಳಿದಿದ್ನೋ, ಪಂಡಿತರು ಇವತ್ತಿಗೂ ಕಚ್ಚಾಡ್ತಾರೆ, ಕಥೆ ಮಾತ್ರ ಬಾಯಿ ಬಿಡಲ್ಲ. ಇನ್ನು ಅತ್ರಹಸಿಸ್ ಕಾವ್ಯದಲ್ಲಂತೂ ನಾವೆಲ್ಲರೂ, ನೀನು ನಾನು ಸಮೇತ, ಜೇಡಿಮಣ್ಣಿಗೆ ಕೊಲೆಯಾದ ಒಬ್ಬ ದೇವರ ರಕ್ತ ಮಾಂಸ ಕಲಸಿ ಮಾಡಿದೋರು. ದೇವರ ಅಂಶ ಬಂದಿದ್ದೇ ಒಂದು ಹೆಣದಿಂದ! ಅದು ಮೈಯಲ್ಲಿದ್ರೆ ಸಾವು ಬರಲ್ಲ ಅಂತ ಅವರು ಹೆಂಗೆ ಅಂದ್ಕೊಂಡಾರು?

ಅಂದ್ಕೊಂಡೋರೂ ಇದ್ರು ಅನ್ನು. ಹೊಗಳಿಕೆಗೆ ಕಿವಿ ಕೊಟ್ಟೋರು. ಕ್ರಿ.ಪೂ. 21ನೇ ಶತಮಾನದಲ್ಲಿ ಊರ್ ನಗರದ ರಾಜ ಶುಲ್ಗಿ ತನ್ನ ಹೆಸರಿನ ಶುರುವಿಗೆ ದೇವರ ಗುರುತು ದಿಂಗಿರ್ ಬರೆಸ್ಕೊಂಡ, ನಕ್ಷತ್ರದ ಹಾಗಿರೋ ಗುರುತು ಅದು. ನಿನ್ಸುನ್ ನನ್ನ ತಾಯಿ, ಗಿಲ್ಗಮೆಶ್ ನನ್ನ ಅಣ್ಣ ಅಂತ ಹಾಡು ಕಟ್ಟಿಸ್ದ, ಶಾಲೆ ಹುಡುಗರು ಅದನ್ನ ಮಣ್ಣಿನ ಫಲಕದ ಮೇಲೆ ಕಾಪಿ ಮಾಡಿ ಮಾಡಿ ಅಕ್ಷರ ಕಲಿತ್ರು, ಪಾಪ. 48 ವರ್ಷ ಆಳ್ದ, ಹೋದ. ಅವನ ಅಪ್ಪ ಉರ್-ನಮ್ಮುನೂ ನಿನ್ಸುನ್ ಮಗ ಅಂತಲೇ ಹೇಳಿಸ್ಕೊಂಡೋನು, ಅವನು ಸತ್ತ ಮೇಲಿನ ಪದ್ಯ ನೀನು ಓದ್ಲೇಬೇಕು. ಕೆಳಲೋಕಕ್ಕೆ ಹೋಗಿ ಅಲ್ಲಿನ ದೇವರುಗಳಿಗೆ ಒಬ್ಬೊಬ್ಬರಿಗೂ ಉಡುಗೊರೆ ಕೊಡ್ತಾನೆ, ಗಿಲ್ಗಮೆಶನಿಗೂ ಕೊಡ್ತಾನೆ, ಅವನು ಅಷ್ಟೊತ್ತಿಗೆ ಅಲ್ಲಿನ ಅಧಿಕಾರಿ ಅಲ್ವಾ. ಔತಣ ಆಗುತ್ತೆ, ಕೂರೋಕೆ ಜಾಗ ಕೊಡ್ತಾರೆ. ಕೆಲವು ದಿನ ಕಳೆದ ಮೇಲೆ ಅಳೋಕೆ ಶುರು ಮಾಡ್ತಾನೆ. ಏನಂತ? ಊರ್ ಕೋಟೆ ಗೋಡೆ ಕಟ್ಟಿ ಮುಗಿಸ್ಲಿಲ್ಲ, ಹೊಸಾ ಅರಮನೆಯಲ್ಲಿ ಇರ್ಲಿಲ್ಲ, ಹೆಂಡ್ತೀನ ಎದೆಗೆ ಅಪ್ಪಿಕೊಳ್ಳೋಕಾಗ್ತಿಲ್ಲ, ಮಕ್ಕಳನ್ನ ತೊಡೆ ಮೇಲೆ ಕೂರಿಸಿ ಬೆಳೆಸೋಕಾಗ್ಲಿಲ್ಲ. ನಿನ್ಸುನ್ ಮಗನ ದೂರು ಇದು. ಅಲ್ಲಿ ಯಾರೂ ಅವನಿಗೆ ಯಾಕೆ ಸತ್ತೆ ಅಂತ ವಿವರಿಸಿ ಸಮಾಧಾನ ಮಾಡಲ್ಲ.

ಇಷ್ಟು ಹೇಳಿದ ಮೇಲೆ ಆ ಹಳೇ ಲೆಕ್ಕ ಹೇಳ್ತೀನಿ. ನನ್ನ ತಮ್ಮ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಹೋದ, ಇಪ್ಪತ್ತಾರು ವರ್ಷ ಅವನಿಗೆ. ಎಂಟು ತಿಂಗಳಾದ ಮೇಲೆ ಒಂದು ಕಥೆ ಬರ್ದೆ. ಆ ಒಂಬತ್ತು ದಿನ ಹೆಂಗಿತ್ತೋ ಹಂಗೇ. ಎಂಟನೇ ದಿನ ಅವನ ಬಾಯಿಂದ ಬರ್ತಿದ್ದ ವಾಸನೆಗೆ ನಾನು, ಅವನ ಸ್ವಂತ ಅಕ್ಕ, ಮುಖ ತಿರುಗಿಸಿದ್ದು, ಅದನ್ನ ಅವನು ನೋಡಿದ್ದು, ಎಲ್ಲಾ ಇತ್ತು. ದೀಪಾವಳಿ ವಿಶೇಷಾಂಕಕ್ಕೆ ಕಳ್ಸಿದ್ದೆ. ಸಂಪಾದಕರು ಫೋನ್ ಮಾಡಿ ಹಬ್ಬದ ಸಂಚಿಕೆ ಮೇಡಂ, ಆ ಪ್ಯಾರಾ ಸ್ವಲ್ಪ ಜಾಸ್ತಿ ಆಯ್ತು, ಕೊನೆಗೆ ಓದುಗರಿಗೆ ಏನಾದ್ರೂ ಸಮಾಧಾನ ಇರ್ಲಿ ಅಂದ್ರು. ನಾನು ಒಂದು ಸಂಜೆ ಕೂತು ಆ ಪ್ಯಾರಾ ಕಿತ್ತು ಹಾಕ್ದೆ, ಹಿತ್ತಲಿನಲ್ಲಿ ಅವನು ನೆಟ್ಟ ಸಂಪಿಗೆ ಗಿಡ ಹೂ ಬಿಟ್ಟಿತು ಅಂತ ಮುಗಿಸ್ದೆ. ಸಂಪಿಗೆ ಗಿಡ ಇರ್ಲೇ ಇಲ್ಲ ಕಣೋ, ನಮ್ಮದು ವಠಾರದ ಮನೆ, ಹಿತ್ತಲು ಎಲ್ಲಿ ಬಂತು? ಆ ಕಥೆಗೆ ಬಹುಮಾನ ಬಂತು. ಇವತ್ತಿಗೂ ಮದುವೆ ಮನೆಯಲ್ಲಿ ಯಾರೋ ಬಂದು ಕೈ ಹಿಡ್ಕೊಂಡು "ಆ ಸಂಪಿಗೆ..." ಅಂತಾರೆ, ಕಣ್ಣಲ್ಲಿ ನೀರು ಬೇರೆ. ನಾನು ಥ್ಯಾಂಕ್ಸ್ ಹೇಳ್ತೀನಿ. ಸಂಪಾದಕರ ಮೇಲೆ ಹದಿನೈದು ವರ್ಷ ಸಿಟ್ಟಿಟ್ಕೊಂಡಿದ್ದೆ, ಅವರು ಹೇಳಿದ್ದೇನೋ ನಿಜ, ಆದ್ರೆ ಪೆನ್ನು ಹಿಡಿದಿದ್ದು ಯಾರು? ಹಳೇ ಹಸ್ತಪ್ರತಿಯನ್ನಾದ್ರೂ ಇಟ್ಕೋಬಹುದಿತ್ತು, ಅದನ್ನೂ ಇಟ್ಕೊಳ್ಳಲಿಲ್ಲ.

ಆ ಮೇಲೆ ಯಾವಾಗ್ಲೋ ಗಿಲ್ಗಮೆಶ್ ಓದ್ದೆ. ಎಂಕಿಡು ಹನ್ನೆರಡು ದಿನ ಮಲಗಿ ಸಾಯ್ತಾನೆ. ಮೂರರಲ್ಲಿ ಎರಡು ಪಾಲು ದೇವರಾದ ಆ ರಾಜ ಆರು ಹಗಲು ಏಳು ರಾತ್ರಿ ಹೆಣ ಬಿಡಲ್ಲ, ಹೂಳೋಕೆ ಕೊಡಲ್ಲ, ಗೆಳೆಯನ ಮೂಗಿನಿಂದ ಹುಳು ಉದುರೋ ತನಕ. ನಾನು ಅಲ್ಲೇ ಪುಸ್ತಕ ಮುಚ್ಚಿ ಇಟ್ಟೆ. ಹೆಚ್ಚುಕಮ್ಮಿ ನಾಲ್ಕು ಸಾವಿರ ವರ್ಷದ ಹಿಂದೆ ಹಸಿ ಮಣ್ಣಿನ ಮೇಲೆ ಜೊಂಡಿನ ಕಡ್ಡಿ ಒತ್ತಿ ಬರೀತಿದ್ದ ಯಾವನೋ ಒಬ್ಬ ಕಿತ್ತು ಹಾಕದೇ ಇದ್ದಿದ್ದನ್ನ ನಾನು ಹಬ್ಬದ ಸಂಚಿಕೆಗೋಸ್ಕರ ಕಿತ್ತು ಹಾಕಿದ್ದೆ.

ಅದಕ್ಕೇ ನಿನ್ನ ಮೇಲೆ ಇಷ್ಟು ಕೂಗಾಡ್ತಿರೋದು. ಆ ಹುಳುವಿನ ಸಾಲು ನಿನ್ನ 214 ಪುಟದಲ್ಲಿ ಎಲ್ಲೂ ಇಲ್ಲ. ಮೂಲದಲ್ಲಿ ಹತ್ತನೇ ಫಲಕ ಒಂದರಲ್ಲೇ ಮೂರು ಸಲ ಬರುತ್ತೆ, ಹೆಂಡದಂಗಡಿಯ ಸಿದುರಿಗೆ ಹೇಳ್ತಾನೆ, ಉರ್-ಶನಬಿಗೆ ಹೇಳ್ತಾನೆ, ಉತನಪಿಷ್ಟಿಗೆ (ಜಿಯುಸುದ್ರನಿಗೆ ಈ ಕಾವ್ಯದಲ್ಲಿರೋ ಹೆಸರು) ಹೇಳ್ತಾನೆ, ಅದೇ ಮಾತು, ಅದೇ ಹುಳು. ದುಃಖ ಆದೋರು ಹಂಗೇ, ಸಿಕ್ಕಿದೋರಿಗೆಲ್ಲ ಅದನ್ನೇ ಹೇಳ್ತಾರೆ. ನನ್ನ ಅಮ್ಮ ಹಾಲಿನವನಿಗೂ ಹೇಳ್ತಿದ್ಲು, ಗ್ಯಾಸ್ ಸಿಲಿಂಡರ್ ತಂದೋನಿಗೂ ಹೇಳ್ತಿದ್ಲು. ವರ್ಕ್‌ಶಾಪ್‌ನಲ್ಲಿ ರಿಪಿಟೇಷನ್ ಬೇಡ ಅಂತ ಹೇಳ್ಕೊಟ್ರು ಅಂತ ಚೀಟಿಯಲ್ಲಿ ಬರ್ದಿದೀಯ, ಹೇಳ್ಕೊಟ್ಟೋರು ಒಳ್ಳೇ ಮನಸ್ಸಿಂದಲೇ ಹೇಳಿರ್ತಾರೆ, ಮರೆತುಬಿಡು. ಹುಳುವಿನ ಜಾಗದಲ್ಲಿ ನೀನು ಏನಿಟ್ಟಿದೀಯ ಗೊತ್ತಾ, "ಎಂಕಿಡು ಮತ್ತೆ ಹುಟ್ಟಿ ಬರುವನು ಎಂಬ ನಂಬಿಕೆ ಅವನ ಕಣ್ಣಲ್ಲಿ ಮಿನುಗಿತು." ಇದು ನಿನ್ನ ಸಂಪಿಗೆ. ಎಂಕಿಡು ಸಾಯೋ ಮುಂಚೆ ಕಂಡ ಕನಸಿನಲ್ಲಿ ಸತ್ತೋರು ಕತ್ತಲಲ್ಲಿ ಹಕ್ಕಿ ಥರ ಪುಕ್ಕದ ಬಟ್ಟೆ ಹಾಕ್ಕೊಂಡು ಮಣ್ಣು ತಿಂತಾ ಕೂತಿರ್ತಾರೆ, ಅಲ್ಲಿಂದ ಯಾರೂ ಮತ್ತೆ ಹುಟ್ಟಿ ಬರಲ್ಲ. ಅದನ್ನ ಹೊಡೆದು ಹಾಕು.

ಅಪ್ಪ ಯಾರು ಅನ್ನೋದು ಒಂದು ಉಳೀತು. ಕಾವ್ಯದಲ್ಲಿ ಲುಗಲ್ಬಂಡ. ಸುಮೇರಿಯನ್ ರಾಜರ ಪಟ್ಟಿಯಲ್ಲಿ ಅಪ್ಪ ಒಂದು ಗಾಳಿ, ಭೂತದ ಥರದ್ದು, ಅದೇ ಪಟ್ಟಿ ಲುಗಲ್ಬಂಡ 1200 ವರ್ಷ ಆಳ್ದ ಅನ್ನುತ್ತೆ, ಗಿಲ್ಗಮೆಶನಿಗೆ ಬರೀ 126. ನೀನು ಎರಡನ್ನೂ ಹೊಂದಿಸೋಕೆ ಲುಗಲ್ಬಂಡನ ಮೈಮೇಲೆ ಗಾಳಿ ಬಂದಿತ್ತು ಅಂತ ಹನ್ನೊಂದು ಪುಟ ಬರ್ದಿದೀಯ, ಜಾಣತನ ಇದೆ, ನಕ್ಕೆ ಕೂಡ, ಆದ್ರೆ ತೆಗಿ. ಎರಡು ಫಲಕ ಎರಡು ಥರ ಹೇಳಿದ್ರೆ ಹೇಳ್ಲಿ ಬಿಡು.

ಹುಳುವನ್ನ ಹಾಕಿದ ಮೇಲೆ ರೊಟ್ಟಿ ಸೀನ್ ಮತ್ತೆ ನೋಡು, 181ನೇ ಪುಟ. ಅಮರತ್ವ ಬೇಕಾದ್ರೆ ಆರು ಹಗಲು ಏಳು ರಾತ್ರಿ ನಿದ್ದೆ ಮಾಡದೇ ಇರು ನೋಡೋಣ ಅಂತ ಉತನಪಿಷ್ಟಿ ಅಂದ್ರೆ ಕುಂಡಿ ಊರಿದ ತಕ್ಷಣ ಮಲಗಿಬಿಡ್ತಾನಲ್ಲ ನಿನ್ನ ಹೀರೋ, ಅಷ್ಟೂ ಪಾಲು ದೇವರು ಇಟ್ಕೊಂಡು. ಉತನಪಿಷ್ಟಿ ಹೆಂಡ್ತಿ ದಿನಕ್ಕೊಂದು ರೊಟ್ಟಿ ಸುಟ್ಟು ತಲೆ ಹತ್ರ ಇಡ್ತಾಳೆ, ಗೋಡೆ ಮೇಲೆ ಗೀಟು ಹಾಕ್ತಾಳೆ. ಎದ್ದು ನಾನು ಮಲಗೇ ಇಲ್ಲ ಅಂತಾನೆ, ಅವನಿಗೆ ರೊಟ್ಟಿ ತೋರಿಸ್ತಾರೆ. ಮೊದಲನೇದು ಒಣಗಿ ಹೋಗಿದೆ, ಎರಡನೇದು ಚಕ್ಕಳ ಆಗಿದೆ, ಮೂರನೇದು ನೀರು ಬಿಟ್ಟಿದೆ, ನಾಲ್ಕನೇದು ಬೆಳ್ಳಗಾಗಿದೆ, ಐದನೇದಕ್ಕೆ ಬೂಷ್ಟು, ಆರನೇದು ಈಗ ಇಳಿಸಿದ್ದು. ಇಷ್ಟೂ ಸರಿಯಾಗೇ ಬರ್ದಿದೀಯ, ಬೂಷ್ಟಿನ ಬಣ್ಣ ಸಮೇತ. ಏಳನೇದನ್ನ ಮಾತ್ರ ತಣ್ಣಗೆ ಮಾಡಿ ತಟ್ಟೆಯಲ್ಲಿ ಇಟ್ಟಿದೀಯ. ಅದು ಇನ್ನೂ ಕೆಂಡದ ಮೇಲೇ ಇರುತ್ತೆ ಮಗು, ಅವನನ್ನ ಮುಟ್ಟಿ ಎಬ್ಬಿಸೋವಾಗ. ಕೆಂಡದ ಮೇಲೇ ಇಡು. ತಿದ್ದಿದ ಪುಟ ಮಾತ್ರ ಕಳ್ಸು, ಇಡೀದು ಬೇಡ, ಸ್ಪೈರಲ್ ಬೈಂಡಿಂಗ್ ಅಂತೂ ಬೇಡ್ವೇ ಬೇಡ, ಓದೋವಾಗ ಸೆರಗು ಸಿಕ್ಕೊಳ್ಳುತ್ತೆ.

ಪ್ರೀತಿಯಿಂದ,
ನಿನ್ನ ಮೇಡಂ